ಸ್ಟಿಯರಿಂಗ್ ಇಲ್ಲದ ವರ್ಷ

ಮಾರ್ಚ್ 4, ಬೆಳಿಗ್ಗೆ 7
ಯೂನಿಫಾರ್ಮ್ ಇಸ್ತ್ರಿ ಮಾಡಿದೆ. ಅರ್ಧಕ್ಕೆ ನೆನಪಾಯಿತು – ಇವತ್ತು ಬೇಡ. ಇವತ್ತು ಕೋರ್ಟ್. ಒಂಬತ್ತು ವರ್ಷ ಆಂಬುಲೆನ್ಸ್ ಓಡಿಸಿದ ಕೈ, ಅಭ್ಯಾಸ ಬಿಡುವುದಿಲ್ಲ. ನಮ್ಮ ಯಜಮಾನರು ಬಾಗಿಲಲ್ಲಿ ನಿಂತು, "ವಾದ ಮಾಡ್ಬೇಡ, ಸುಮ್ನೆ ಒಪ್ಕೊಂಡ್ಬಿಡು" ಎಂದರು. ಒಪ್ಪದೆ ಇನ್ನೇನು?

ಸಂಜೆ
ಲೈಸೆನ್ಸ್ ಒಂದು ವರ್ಷ ಸಸ್ಪೆಂಡ್. ದಂಡ. ಮೇಲೆ ನೂರು ಗಂಟೆ ಸೇವೆ – ನಮ್ಮದೇ ಆಸ್ಪತ್ರೆಯ ಲಾಂಡ್ರಿಯಲ್ಲಿ, ಭಾನುವಾರಗಳಂದು. ನ್ಯಾಯಾಧೀಶರು ತಲೆ ಎತ್ತಿ ಕೇಳಿದರು: "ಕುಡಿದು ಓಡಿಸಿದವರನ್ನ ನೀವೇ ಎಷ್ಟು ಸಲ ಹೊತ್ತು ತಂದಿದ್ದೀರಿ?"
ಆವತ್ತು ಸಹೋದ್ಯೋಗಿಯ ಬೀಳ್ಕೊಡುಗೆ ಊಟ ಇತ್ತು. ಮೂರು ಗ್ಲಾಸ್ ವೈನ್. ನನ್ನ ಸ್ವಂತ ಕಾರು. ತಿರುವಿನಲ್ಲಿ ಒಂದು ಸ್ಕೂಟರ್... ಅದರಲ್ಲಿದ್ದ ಟೈಲರಮ್ಮನ ಬಲ ಮಣಿಕಟ್ಟು ಎರಡು ಕಡೆ ಮುರಿಯಿತು. ಅಷ್ಟೇ ತಾನೇ, ಎನ್ನುತ್ತಾರೆ ಎಲ್ಲರೂ. ಟೈಲರಿಗೆ ಬಲಗೈ – ಅಷ್ಟೇನಾ?

ಮಾರ್ಚ್ 12
ನನ್ನನ್ನು ಕಂಟ್ರೋಲ್ ರೂಮಿನ ಫೋನಿಗೆ ಹಾಕಿದ್ದಾರೆ. "ಕೆಲ್ಸ ಹೋಗ್ಲಿಲ್ವಲ್ಲ, ಖುಷಿಪಡು" ಎಂದರು ಸೂಪರ್‌ವೈಸರ್. ಕಿಟಕಿಯಲ್ಲಿ ನನ್ನ ಗಾಡಿ ಕಾಣುತ್ತದೆ. ಈಗ ಓಡಿಸುವವನು ಗೇರ್ ಕಿರುಗುಟ್ಟಿಸುತ್ತಾನೆ.

ಮಾರ್ಚ್ 23, ಭಾನುವಾರ
ಲಾಂಡ್ರಿ ನೆಲಮಾಳಿಗೆಯಲ್ಲಿ. ಹಬೆಯೋ ಹಬೆ. ಯಾರ ಮುಖವೂ ಪೂರ್ತಿ ಕಾಣದು. ಒದ್ದೆ ಚಾದರದ ಎರಡು ತುದಿ ಹಿಡಿದು ಕೊಡವಿದರೆ ನಡುವೆ ಗಾಳಿ ತುಂಬಿ ಒಂದು ಕ್ಷಣ ನಿಲ್ಲುತ್ತದೆ – ಕೋಣೆಯಷ್ಟು ದೊಡ್ಡ ಮೋಡ. ನೋಡುತ್ತಾ ನಿಂತುಬಿಟ್ಟೆ. "ಎಲ್ಲಿಗೆ ಹೋದ್ಯೇ? ಮೂಲೆಗೆ ಮೂಲೆ ಸೇರ್ಸು" ಎಂದಳು ಲಾಂಡ್ರಿಯ ಅಕ್ಕ.
ಮನೆಗೆ ನಡೆದೇ ಬಂದೆ. ಎಷ್ಟು ಉದ್ದ ರಸ್ತೆ! ಈ ಮನೆಗಳಿಗೆಲ್ಲ ಬಾಲ್ಕನಿ ಇರುವುದು ಇವತ್ತು ಕಂಡೆ.

ಏಪ್ರಿಲ್ 29
ಟೈಲರಮ್ಮ ಸಿಕ್ಕರು. ಫಿಸಿಯೊಥೆರಪಿ ಕೋಣೆಯ ಹೊರಗಿನ ಬೆಂಚು. ಪ್ಲಾಸ್ಟರ್ ಬಿಚ್ಚಿದ್ದಾರೆ. ಎದುರು ನಿಂತೆ.
"ಕ್ಷಮಿಸ್ದೆ ಅಂತ ಹೇಳ್ಲಿ ಅಂತ ಬಂದ್ರಾ? ಹೇಳಲ್ಲ."
"ಬೇಡಮ್ಮ. ಹೇಳ್ಬೇಡಿ."
ನೀರಿನ ಬಾಟಲಿಯ ಮುಚ್ಚಳ ತೆಗೆಯಲು ನೋಡಿದರು. ಮಣಿಕಟ್ಟು ತಿರುಗಲಿಲ್ಲ. ಮತ್ತೆ ನೋಡಿದರು. ಕೊನೆಗೆ ಬಾಟಲಿಯನ್ನು ನನ್ನತ್ತ ಚಾಚಿದರು, ಮುಖ ಗೋಡೆಯ ಕಡೆ. ತೆಗೆದುಕೊಟ್ಟೆ.

ಜೂನ್ 8
ಬೆಳಗಿನ ಜಾವ ಕನಸು. ಗಾಡಿ ತಾನೇ ಓಡುತ್ತಿತ್ತು. ರಸ್ತೆಯುದ್ದಕ್ಕೂ ಬಿಳಿ ಚಾದರ ಹಾಸಿತ್ತು, ಚಕ್ರಕ್ಕೆ ಸದ್ದೇ ಇಲ್ಲ. ನಾನು ಹಿಂದೆ ಸ್ಟ್ರೆಚರ್ ಮೇಲೆ. ಮುಂದೆ ಸೀಟು ಖಾಲಿ. ಹೆದರಿಕೆಯೇ ಆಗಲಿಲ್ಲ – ಎದ್ದ ಮೇಲೆ ಅದಕ್ಕೇ ಹೆದರಿಕೆಯಾಯಿತು. ಇವರಿಗೆ ಹೇಳಿದೆ. "ಫ್ರೀಯಾಗಿ ಕರ್ಕೊಂಡು ಹೋದ್ರಲ್ಲ, ಬಿಡು" ಎಂದರು. ನಗು ಬಂತು. ಎಷ್ಟು ದಿನವಾಗಿತ್ತೋ.

ಸೆಪ್ಟೆಂಬರ್ 16
ನೂರು ಗಂಟೆ ಮುಗಿದು ತಿಂಗಳಾಯಿತು. ಭಾನುವಾರ ಕಾಲು ಸುಮ್ಮನಿರಲಿಲ್ಲ. ಟೈಲರಮ್ಮನ ಅಂಗಡಿಗೆ ಹೋಗಿದ್ದೆ. ಬೈದು ಕಳಿಸಲಿಲ್ಲ. ಅವರ ಕೈಗೆ ಕತ್ತರಿ ಇನ್ನೂ ಒಗ್ಗಿಲ್ಲ. ಎಡಗೈಯಲ್ಲಿ ಸೀಮೆಸುಣ್ಣದ ಗೆರೆ ಎಳೆದು ಕತ್ತರಿಯನ್ನು ನನ್ನ ಮುಂದೆ ತಳ್ಳಿದರು.
"ಗೆರೆ ದಾಟ್ಬೇಡಿ. ದಾಟೋ ಚಾಳಿ ನಿಮ್ಗೆ."
ಇವತ್ತೂ ಹೋದೆ. ನೀಲಿ ಬಟ್ಟೆ, ನೀರಿನ ಹಾಗೆ ಜಾರುತ್ತದೆ. ದಾಟಲಿಲ್ಲ.

ಮಾರ್ಚ್ 5
ಲೈಸೆನ್ಸ್ ಕೈಗೆ ಬಂತು. ಸೂಪರ್‌ವೈಸರ್: "ಗಾಡಿನಾ, ಫೋನಾ? ಸೋಮವಾರದೊಳಗೆ ಹೇಳು." ಕಾರಿನ ಹತ್ತಿರ ಹೋದೆ. ಗಾಜಿನ ಮೇಲಿನ ಧೂಳು ಒರೆಸಿ ವಾಪಸು ಬಂದೆ.

ಮಾರ್ಚ್ 8, ಭಾನುವಾರ, ಮಧ್ಯಾಹ್ನ 3
ಟೈಲರಮ್ಮ ಬಾಗಿಲಿಗೇ ಬಂದರು! "ಮಷಿನ್ನು ರಿಪೇರಿಗೆ ಒಯ್ಬೇಕು. ನಿಮ್ ಕಾರಿದ್ಯಲ್ಲ."
"ನಾನಾ?"
"ಇನ್ಯಾರು, ಕಾರಿಗೇ ಹೇಳ್ಲಾ?"
ಮಷಿನ್ನನ್ನು ಹಿಂದಿನ ಸೀಟಿಗೆ ಹತ್ತಿಸಿದೆವು. ಅವರು ಮುಂದೆ ಕೂತರು. ಬೆಲ್ಟ್ ಎಳೆದುಕೊಂಡರು. ನನ್ನ ಕೈ ಸ್ಟಿಯರಿಂಗ್ ಮೇಲೆ. ಆಗ ಅವರು ನನ್ನ ಕಡೆ ಬಾಗಿದರು. ತೀರಾ ಹತ್ತಿರ. ಮೂಸಿದರು. ನಾನು ಬಾಯಿ ತೆರೆದು ಉಸಿರು ಬಿಟ್ಟೆ – ಪೂರ್ತಿ, ಒಳಗಿದ್ದದ್ದೆಲ್ಲ.
ಅವರು ಸರಿದು ಕೂತು ರಸ್ತೆ ನೋಡಿದರು. "ಹೂಂ. ನಡೀರಿ."
ಮೊದಲನೇ ಗೇರ್. ಗೇಟು ದಾಟಿತು. ಆಮೇಲೆ ಆ ತಿರುವು, ಅದೇ ತಿರುವು ಬಂದಾಗ ಅವರು ಮೆಲ್ಲಗೆ ಬಲಗೈ ಎತ್ತಿ ನನ್ನ ಎಡಗೈಯ ಮೇಲಿಟ್ಟರು, ತಿರುವು ಮುಗಿಯುವವರೆಗೂ ತೆಗೆಯಲಿಲ್ಲ.