ಇರು ಎಂದ ತಪ್ಪಿಗೆ

ಪ್ರೀತಿಯ ಒಡೆಸಾ,

ಕಾಲೇಜು ಬದಲಿಸುವ ಆಟಗಾರ್ತಿಯರ ವರ್ಗಾವಣೆ ಪಟ್ಟಿಗೆ ನಿನ್ನ ಹೆಸರು ಸೇರಿದ್ದನ್ನು ಗುರುವಾರ ಬೆಳಿಗ್ಗೆ ಕಂಪ್ಯೂಟರಿನಲ್ಲಿ ನೋಡಿದೆ. ಊರಿನವರೆಲ್ಲ ಹೇಗೆ ನೋಡಿದರೋ ಹಾಗೆಯೇ. ನನಗೊಂದು ಮಾತು ಮೊದಲೇ ಹೇಳಬಾರದಿತ್ತೇ ಎಂದು ಅರೆಗಳಿಗೆ ಸಿಟ್ಟು ಬಂತು. ಆಮೇಲೆ ಆ ಸಿಟ್ಟಿಗೇ ನಾಚಿಕೆಯಾಯಿತು. ಹೇಳಬೇಕಾದ ಮಾತನ್ನು ಒಂದು ವರ್ಷದಿಂದ ನುಂಗಿಕೊಂಡು ಕೂತವಳು ನಾನಲ್ಲವೇ?

ಇಂದು ಭಾನುವಾರ. ಆಟದ ಅಂಕಣದ ನೆಲಕ್ಕೆ ವಾರ್ನಿಷ್ ಬಳಿದಿದ್ದಾರೆ, ಯಾರೂ ಕಾಲಿಡುವ ಹಾಗಿಲ್ಲ. ನಾನು ನನ್ನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ.

ಈ ಕಾಲೇಜಿನ ಹುಡುಗಿಯರಿಗೆ ಬ್ಯಾಸ್ಕೆಟ್‌ಬಾಲ್ ಕಲಿಸಲು ಬಂದು ಇಪ್ಪತ್ತೆರಡು ವರ್ಷವಾಯಿತು. ಮೊದಲೆಲ್ಲ ಹದಿನೆಂಟಕ್ಕೆ ಬಂದವರು ಇಪ್ಪತ್ತೆರಡಕ್ಕೆ ಪದವಿ ಹಿಡಿದು ಹೊರಡುತ್ತಿದ್ದರು. ಅವರ ಮದುವೆಗಳಿಗೆ ಹೋಗಿ ಬಂದಿದ್ದೇನೆ. ಈಗ ಹಣವೋ ಆಟವೋ ಹೆಚ್ಚು ಸಿಗುವ ಕಾಲೇಜಿಗೆ ವರ್ಷ ವರ್ಷವೂ ಹೋಗಬಹುದು. ತಂಡದ ಫೋಟೋ ಗೋಡೆಗೆ ಹಾಕುವುದನ್ನೇ ಬಿಟ್ಟಿದ್ದೇವೆ; ಫ್ರೇಮು ಹಾಕಿಸಿ ತರುವಷ್ಟರಲ್ಲಿ ಅದರಲ್ಲಿರುವ ಅರ್ಧ ಮಂದಿ ಬೇರೆ ಕಾಲೇಜಿನ ಅಂಗಿ ತೊಟ್ಟಿರುತ್ತಾರೆ. ಹೋಗುವವರನ್ನು ದೂರಲು ನನಗೆ ಬಾಯಿಲ್ಲ. ನಾವು ಕೋಚ್‌ಗಳು ಹೆಚ್ಚು ಸಂಬಳ ಕಂಡ ಕಡೆಗೆ ಯಾವಾಗಲೂ ಹೋಗುತ್ತಲೇ ಇದ್ದೆವು. ಹುಡುಗಿಯರು ಹೊರಟಾಗ ಮಾತ್ರ ನಮಗೆ ನಿಷ್ಠೆಯ ನೆನಪಾಯಿತು.

ಕಳೆದ ವರ್ಷ ಡೆ ಮೊಯಿನ್ ನಗರದಲ್ಲಿ ಕೊನೆಯ ಪಂದ್ಯ ಸೋತು ಬಂದ ಮೇಲೆ ಹನ್ನೆರಡು ಮಂದಿಯಲ್ಲಿ ಎಂಟು ಮಂದಿ ಹೊರಟುಹೋದರು. ಕ್ರೀಡಾ ವಿಭಾಗದ ನಿರ್ದೇಶಕ ಡನಿಗನ್ ನನ್ನನ್ನು ಕರೆಸಿದರು. ನನ್ನ ಒಪ್ಪಂದಕ್ಕೆ ಒಂದೇ ವರ್ಷ ಬಾಕಿಯಿದೆ ಎಂಬುದನ್ನು ನಗುತ್ತಲೇ ನೆನಪಿಸಿದರು. ಆಮೇಲೆ ಅಂದರು, "ಮಾರ್ಲಿಸ್, ನೀವು ಸಸಿ ನೆಟ್ಟು ನೀರು ಹಾಕ್ತಾ ಕೂತ್ರೆ ಫಸಲು ಪಕ್ಕದವ್ರು ಕುಯ್ಕೊಂಡು ಹೋಗ್ತಾರೆ. ಬೆಳೆದು ನಿಂತಿರೋರನ್ನೇ ತನ್ನಿ." ಸುತ್ತ ಮೆಕ್ಕೆಜೋಳ ಬೆಳೆಯುವ ಊರಿನಲ್ಲಿ ಆ ಮಾತು ಎಲ್ಲರಿಗೂ ಅರ್ಥವಾಗುವಂಥದ್ದೇ.

ಬೆಳೆದು ನಿಂತವರನ್ನು ಹುಡುಕಿದೆ. ಕೆಂಡ್ರಾ ವಾಸ್ ಸಿಕ್ಕಳು. ಇಪ್ಪತ್ಮೂರು ವರ್ಷ, ನಮ್ಮದು ಅವಳಿಗೆ ನಾಲ್ಕನೆಯ ಕಾಲೇಜು. ಚೆಂಡನ್ನು ನಡೆಸಿಕೊಂಡು ಬಂದು ಆಟ ಹೂಡುವ ಗಾರ್ಡ್, ನಿನ್ನ ಜಾಗದವಳೇ. ಬರುತ್ತೇನೆಂದು ಬಾಯಿಮಾತು ಕೊಟ್ಟಳು, ಸಹಿ ಮಾಡಿರಲಿಲ್ಲ.

ಅದಾಗಿ ನಾಲ್ಕನೆಯ ದಿನ ಮಧ್ಯಾಹ್ನ ನೀನು ಈ ಕೋಣೆಗೆ ಬಂದೆ. ಕೈಯಲ್ಲಿ ಫೋನು, ಕಂಕುಳಲ್ಲಿ ಜೀವಶಾಸ್ತ್ರದ ಪುಸ್ತಕ. ಎರಡು ಕಾಲೇಜಿನವರು ನಿನ್ನ ಉತ್ತರಕ್ಕೆ ಕಾಯುತ್ತಿದ್ದರು. ನೀನು ಕೂರಲೂ ಇಲ್ಲ.

"ಕೋಚ್, ಇವತ್ತಿಗೆ ಗಡುವು ಮುಗಿಯತ್ತೆ. ನಂಗೆ ಹೋಗೋಕೆ ಇಷ್ಟ ಇಲ್ಲ. ಇಲ್ಲೇ ಇದ್ರೆ ಆಡ್ತೀನಾ?"

"ಇರು," ಅಂದೆ. "ಈ ತಂಡ ನಿಂದು."

ಕೆಂಡ್ರಾ ಕೊನೆಗಳಿಗೆಯಲ್ಲಿ ಕೈಕೊಟ್ಟರೆ ನನಗೊಬ್ಬಳು ಗಾರ್ಡ್ ಬೇಕಿತ್ತು. ನಿನ್ನನ್ನು ಆ ಅನುಮಾನಕ್ಕೆ ಹಿಡಿದಿಟ್ಟುಕೊಂಡೆ. ನನ್ನ ಗಂಡ ಗಾರ್ಡನ್‌ಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್, ಅದರ ವಿಮೆ ನನ್ನ ಈ ಕೆಲಸಕ್ಕೆ ಅಂಟಿಕೊಂಡಿದೆ. ನೆವವೆಂದು ಹೇಳುತ್ತಿಲ್ಲ. ಆ ದಿನ ನಿನ್ನ ಮುಖ ನೋಡುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಆಸ್ಪತ್ರೆಯಲ್ಲಿ ಅವನು ಡಯಾಲಿಸಿಸ್‌ಗೆ ಕೂರುವ ಕುರ್ಚಿ ಎಂದಷ್ಟೇ ಹೇಳುತ್ತಿದ್ದೇನೆ.

ಜೂನ್‌ನಲ್ಲಿ ಕೆಂಡ್ರಾ ಬಂದಳು. ಅವಳನ್ನು ದ್ವೇಷಿಸುವ ಅನುಕೂಲವೂ ನಮಗಿಬ್ಬರಿಗೂ ಇರಲಿಲ್ಲ, ಅಷ್ಟು ಒಳ್ಳೆಯ ಹುಡುಗಿ. ತನ್ನ ಚಳಿಗಾಲದ ಬಟ್ಟೆ ಒಂದು ರಾಜ್ಯದಲ್ಲಿ, ಪುಸ್ತಕ ಇನ್ನೊಂದು ರಾಜ್ಯದಲ್ಲಿ ಉಳಿದಿವೆ ಎಂದು ನಗುತ್ತಿದ್ದಳು. ಬಟ್ಟೆ ಒಗೆಯುವ ಯಂತ್ರ ಎಲ್ಲಿದೆ, ಯಾವ ಮೇಷ್ಟ್ರ ತರಗತಿ ತಪ್ಪಿಸಬಾರದು ಎಂದೆಲ್ಲ ಅವಳಿಗೆ ತೋರಿಸಿಕೊಟ್ಟವಳು ನೀನೇ. ನವೆಂಬರ್‌ನಿಂದ ಪಂದ್ಯಗಳು ಶುರುವಾದವು; ನೀನು ಬದಲಿ ಆಟಗಾರ್ತಿಯರ ಬೆಂಚಿನ ತುದಿಯಲ್ಲಿ ಕೂತೆ. ಒಂದು ದಿನವೂ ಯಾಕೆ ಎಂದು ಕೇಳಲಿಲ್ಲ. ಕೇಳಿದ್ದರೆ ನಾನು ಇನ್ನೊಂದು ಸುಳ್ಳು ಹೇಳುತ್ತಿದ್ದೆ.

ಜನವರಿಯಲ್ಲಿ ಕೆಂಡ್ರಾಗೆ ಜ್ವರ ಬಂದ ದಿನ ನೆನಪಿದೆಯೇ? ನಿನ್ನ ಜೊತೆ ಅಂಕಣದಲ್ಲಿದ್ದ ನಾಲ್ವರೂ ಆರು ತಿಂಗಳ ಹಿಂದೆ ಬಂದವರು. ಯಾರಿಗೆ ಚೆಂಡು ಎದೆಮಟ್ಟಕ್ಕೆ ಬೇಕು, ಯಾರು ಎಡಕ್ಕೆ ತಿರುಗಿದರೆ ತಡವರಿಸುತ್ತಾರೆ, ಎಲ್ಲವನ್ನೂ ನೀನು ಬೆಂಚಿನಲ್ಲಿ ಕೂತೇ ಕಲಿತಿದ್ದೆ. ಹನ್ನೊಂದು ಸಲ ನೀನು ದಾಟಿಸಿದ ಚೆಂಡನ್ನು ಅವರು ಬುಟ್ಟಿಗೆ ಹಾಕಿದರು. ನಾವು ಗೆದ್ದೆವು. ಮರುದಿನವೇ ಕೆಂಡ್ರಾಳ ವ್ಯವಹಾರ ನೋಡಿಕೊಳ್ಳುವ ಏಜೆಂಟ್ ಫೋನ್ ಮಾಡಿ, ಅವಳಿಗೆ ಮಾತು ಕೊಟ್ಟಿರುವ ಆಟದ ನಿಮಿಷಗಳು ಕಡಿಮೆಯಾಗಬಾರದು ಎಂದ. ಮುಂದಿನ ಪಂದ್ಯಕ್ಕೆ ನಿನ್ನನ್ನು ಮತ್ತೆ ಬೆಂಚಿಗೆ ಕಳಿಸಿದೆ. ನೀನು ತಲೆಯಾಡಿಸಿ ಹೋಗಿ ಕೂತೆ. ನೀನು ಕೂಗಾಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಮಾರ್ಚ್‌ನಲ್ಲಿ ಪಂದ್ಯಗಳು ಮುಗಿದ ಎರಡೇ ದಿನಕ್ಕೆ ಕೆಂಡ್ರಾ ಹೊರಟಳು. ಆಗ ನಿನ್ನನ್ನು ಕಾಲೇಜಿನ ಊಟದ ಮನೆಗೆ ಕರೆದೆ. ಬರುವ ವರ್ಷ ನೀನೇ ಗಾರ್ಡ್ ಎಂದೆ, ಇನ್ನೂ ಏನೇನೋ ಹೇಳಿದೆ. ನೀನು ಸೂಪಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದೆ.

"ಕೋಚ್, ಹೋದ ವರ್ಷ ಇರು ಅಂದ್ರಲ್ಲ, ಆವಾಗ್ಲೇ ನಿಮಗೆ ಗೊತ್ತಿತ್ತಾ ಅವ್ಳು ಬರ್ತಾಳೆ ಅಂತ?"

ಇಂಥ ಮಾತುಕತೆಗಳಲ್ಲಿ ನಾನಾ ತೊಡಕಿರುತ್ತದೆ, ಯಾವುದೂ ಖಚಿತವಿರುವುದಿಲ್ಲ ಎಂದೇನೋ ತೊದಲಿದೆ. ನೀನು "ಸರಿ ಕೋಚ್" ಎಂದು ಎದ್ದೆ. ನಿನ್ನ ತಟ್ಟೆಯ ಜೊತೆಗೆ ನನ್ನ ತಟ್ಟೆಯನ್ನೂ ಎತ್ತಿಕೊಂಡು ಹೋದೆ.

ಗೊತ್ತಿತ್ತು, ಒಡೆಸಾ. ನಾಲ್ಕು ದಿನ ಮೊದಲೇ ಗೊತ್ತಿತ್ತು. ಇಷ್ಟು ಪುಟ್ಟ ಮಾತನ್ನು ನಿನ್ನೆದುರು ಆಡಲಾರದೆ ಇಷ್ಟುದ್ದ ಬರೆಯಬೇಕಾಯಿತು.

ಶುಕ್ರವಾರ ನೆಬ್ರಾಸ್ಕಾದ ಒಂದು ಕಾಲೇಜಿನಿಂದ ಒಬ್ಬಳು ಕೋಚ್ ಫೋನ್ ಮಾಡಿ ನಿನ್ನ ಬಗ್ಗೆ ವಿಚಾರಿಸಿದಳು. ಹುಡುಗಿಯನ್ನು ಬಿಟ್ಟುಕೊಡಲು ಮನಸ್ಸಿಲ್ಲದ ಕೋಚ್‌ಗಳು ಇಂಥ ಹೊತ್ತಿನಲ್ಲಿ ಏನಾದರೊಂದು ಕೊಂಕು ನುಡಿಯುವುದುಂಟು. ನಾನು ನಿನ್ನ ಆಟದ ಬಗ್ಗೆ ಹೇಳಿದೆ. ಒಂದು ವರ್ಷ ಯಾಕೆ ಬೆಂಚಿನಲ್ಲಿದ್ದಳು ಎಂದು ಕೇಳಿದಳು. ನಾನು ಮಾಡಿದ್ದನ್ನೂ ಹೇಳಿದೆ. "ನಮ್ಮಲ್ಲಿ ಯಾರು ಮಾಡಿಲ್ಲ ಹೇಳಿ," ಎಂದಳು. ಆ ಮಾತಿನಿಂದ ನನಗೆ ಸಮಾಧಾನವಾಗಲಿಲ್ಲ. ನಿನಗಾಗಿ ಭಯವಾಯಿತು. ಅವಳು ನಿನ್ನನ್ನು ಬಾ ಎಂದರೆ, ನಿನ್ನ ಜಾಗಕ್ಕೆ ಇನ್ನು ಯಾರನ್ನು ಕರೆದಿದ್ದೀರಿ ಎಂದು ಕೇಳು. ಉತ್ತರವನ್ನು ಬರವಣಿಗೆಯಲ್ಲಿ ತೆಗೆದುಕೋ. ಮರ್ಯಾದೆಗೆಟ್ಟ ಪ್ರಶ್ನೆ ಎಂದು ಹಿಂಜರಿಯಬೇಡ.

ನಿನ್ನ ಮನಸ್ಸು ತಿರುಗಿಸಿ ಉಳಿಸಿಕೊಳ್ಳಬೇಕೆಂದು ಡನಿಗನ್ ನನಗೆ ಸೋಮವಾರದವರೆಗೆ ಸಮಯ ಕೊಟ್ಟಿದ್ದಾರೆ. ಅವಳಿಗೆ ನಿಮ್ಮ ಮಾತೆಂದರೆ ಮಾತು ಅಂದರು. ಅದು ನಿಜವೆಂದು ಗೊತ್ತಿರುವುದರಿಂದಲೇ ನಾನು ನಿನ್ನನ್ನು ಕರೆಯುವುದಿಲ್ಲ. ನಾಳೆ ಅವರಿಗೆ ಇಲ್ಲ ಎನ್ನುತ್ತೇನೆ. ಅವರು ನನ್ನನ್ನು ತೆಗೆಯುವುದಿಲ್ಲ. ನಿನ್ನೆ ತಾನೇ ಒಪ್ಪಂದವನ್ನು ಇನ್ನೊಂದು ವರ್ಷಕ್ಕೆ ವಿಸ್ತರಿಸಿದ್ದಾರೆ. ಈ ವರ್ಷ ಗೆದ್ದೆವಲ್ಲ. ಹೊಸದಾಗಿ ಏಳು ಮಂದಿಯನ್ನು ಹುಡುಕಬೇಕಂತೆ. ಸಹಿ ಹಾಕಿ ಮನೆಗೆ ಬಂದೆ. ಗಾರ್ಡನ್ ಖುಷಿಪಟ್ಟ. ನಾನೂ ಖುಷಿಪಟ್ಟವಳಂತೆ ಕೇಕು ಕತ್ತರಿಸಿದೆ. ಐವತ್ತೇಳು ವರ್ಷದ ಕೋಚ್ ತನ್ನ ಹೆಸರು ಬರೆಸಿ ಬಿಡುಗಡೆ ಕೇಳಲು ಯಾವ ಪಟ್ಟಿಯೂ ಇಲ್ಲ.

ಇದಕ್ಕೆ ಉತ್ತರ ಬರೆಯಬೇಡ. ಕ್ಷಮಿಸಬೇಕೆಂಬ ಭಾರವನ್ನೂ ನಿನ್ನ ತಲೆಗೆ ಹಾಕಲಾರೆ.

ನಿನ್ನ ಮೊಣಕಾಲು ಗಟ್ಟಿಯಾಗಿರಲಿ. ಜೀವಶಾಸ್ತ್ರದ ಪದವಿ ಕೈಗೆ ಬರಲಿ. ನೀನು ಹೋದ ಕಡೆ ನಿನ್ನನ್ನು ಆಡಿಸುವವರು ಸಿಗಲಿ. ಮುಂದೊಂದು ದಿನ ನಮ್ಮ ತಂಡ ನಿನ್ನೆದುರು ಆಡಲು ಬಂದರೆ ದಾಕ್ಷಿಣ್ಯ ನೋಡಬೇಡ, ಚೆನ್ನಾಗಿ ಸೋಲಿಸು.

ಇಲ್ಲೇ ಉಳಿದಿರುವ
ಮಾರ್ಲಿಸ್