ಬಿಳಿ ಬಟ್ಟೆ ನೀರಿಗೆ ಬಿದ್ದ ಮೇಲೆ

ಸೋಮವಾರ, ಮಾರ್ಚ್ ೩

ಮದುವೆ ಮನೆಗಳ ದೊಡ್ಡ ಫೋಟೋಗ್ರಾಫರಾದ ನನ್ನ ಯಜಮಾನರಿಗೆ, ಪಾಸ್‌ಪೋರ್ಟ್ ಫೋಟೋದವಳ ನಮಸ್ಕಾರಗಳು.

ಗೋಡೆ ಸಿಕ್ಕಿತು. ಮೊದಲು ಇದನ್ನೇ ಬರೆದುಬಿಡುತ್ತೇನೆ, ಇಲ್ಲದಿದ್ದರೆ ನೀವು ನೇರ ಕೊನೆಯ ಸಾಲಿಗೆ ಹಾರುತ್ತೀರಿ. ಗ್ಯಾಲರಿಯಲ್ಲಿ ಬಾಗಿಲಿಗೆ ಎದುರಾಗಿರುವ ಉದ್ದ ಗೋಡೆ ಪೂರ್ತಿ ನನ್ನದು. ಹನ್ನೆರಡು ಮುಖಗಳು. ನಿನ್ನೆ ಸಂಜೆ ಉದ್ಘಾಟನೆ. ಹೊಸ ಚಪ್ಪಲಿ ಕಾಲು ಕಚ್ಚುತ್ತಿದ್ದರೂ ಮೂರು ಗಂಟೆ ನಿಂತೇ ಇದ್ದೆ.

ಆರು ತಿಂಗಳ ಹಿಂದೆ ನೀವು ಹೇಳಿದ್ದು ಒಂದಕ್ಷರ ಬಿಡದೆ ನೆನಪಿದೆ. "ನೀನು ತೆಗೆಯೋದು ಕಿವಿ, ಮೂಗು. ಮನುಷ್ಯರನ್ನ ತೆಗೆಯೋಕೆ ಬೇರೆ ಕಣ್ಣೇ ಬೇಕು." ಇಪ್ಪತ್ತೆರಡು ವರ್ಷ ನೀವು ಹೊರಗೆ ಮದುವೆಗಳನ್ನು ತೆಗೆದಿರಿ, ನಾನು ಸ್ಟುಡಿಯೋ ಒಳಗೆ ಕೂತು ಊರಿನವರ ಕಿವಿಗಳನ್ನು ತೆಗೆದೆ. ಮೈಯೆಲ್ಲ ಉರಿದುಹೋಯಿತು. ಆರು ತಿಂಗಳೊಳಗೆ ಗ್ಯಾಲರಿಯಲ್ಲಿ ಗೋಡೆ ಸಿಗದಿದ್ದರೆ ಬಾಯಿ ಮುಚ್ಚಿಕೊಂಡು ಬಂದು ಅದೇ ಸ್ಟೂಲಿನ ಮೇಲೆ ಕೂರುತ್ತೇನೆ ಎಂದು ಹೇಳಿ ಹೊರಟೆ. ನೀವು ನಕ್ಕಿರಿ.

ಈಗ ಗೆದ್ದಿದ್ದೇನೆ, ಹಾಗಾಗಿ ಒಪ್ಪಿಕೊಳ್ಳಲು ನಾಚಿಕೆಯಿಲ್ಲ: ಮೊದಲ ಎರಡು ತಿಂಗಳು ನಿಮ್ಮ ಮಾತೇ ನಿಜವಾಗಿತ್ತು. ಬಂದರು, ಗಣಿ, ರೈಲು ನಿಲ್ದಾಣ ಎಲ್ಲ ಸುತ್ತಿದೆ. ಚೀಲದಲ್ಲಿ ಸ್ಟುಡಿಯೋದ ಬಿಳಿ ಬಟ್ಟೆಯನ್ನೂ ಮಡಚಿ ಒಯ್ದಿದ್ದೆ. ಮೀನು ಮಾರುವವಳ ಹಿಂದೆ ಅದನ್ನು ಕಟ್ಟಿದೆ, ರೈಲಿನ ಡ್ರೈವರ್ ಹಿಂದೆಯೂ ಕಟ್ಟಿದೆ. ಗಲ್ಲ ಸ್ವಲ್ಪ ಕೆಳಗೆ, ಕಿವಿ ಕಾಣಲಿ, ನಗಬೇಡಿ ಎಂದು ಬಾಯಿ ತಾನಾಗಿಯೇ ಹೇಳುತ್ತಿತ್ತು. ಗ್ಯಾಲರಿ ನಡೆಸುವಾಕೆಗೆ ಮೂವತ್ತು ಚಿತ್ರ ಕಳಿಸಿದರೆ, ಇವರೆಲ್ಲ ಯಾವ ದೇಶಕ್ಕೆ ಹೊರಟಿದ್ದಾರೆ ಎಂದು ಆಕೆ ಉತ್ತರ ಬರೆದಳು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಕಸುಬಿನ ಗುಣವೂ ಅಷ್ಟೇ. ಆ ದಿನ ಮನೆಗೆ ಬರುವ ಬಸ್ಸಿನ ಹೊತ್ತನ್ನೂ ವಿಚಾರಿಸಿದ್ದೆ.

ನನ್ನನ್ನು ಉಳಿಸಿದ್ದು ಒಬ್ಬ ದೋಣಿಯವಳು. ಜನರನ್ನು ನದಿ ದಾಟಿಸುವಾಕೆ, ಅರವತ್ತರ ಹತ್ತಿರ ವಯಸ್ಸು, ಬಾಯಿ ಜೋರು. ದೋಣಿಯಲ್ಲೇ ಅವಳ ಹಿಂದೆ ಬಟ್ಟೆ ಕಟ್ಟಲು ಹೋದೆ. ಗಾಳಿ ಅದನ್ನು ಕಿತ್ತು ನೀರಿಗೆ ಹಾಕಿತು. ನಾನು ಪೆಚ್ಚಾಗಿ ನಿಂತಿದ್ದನ್ನು ನೋಡಿ ಅವಳು, "ಹೋಗ್ಲಿ ಬಿಡಮ್ಮ. ಆ ಡಬ್ಬ ಇಲ್ಲಿ ಕೊಡು, ಮೊದಲು ನೀನು ಕೂತ್ಕೋ. ಅದರ ಮುಂದೆ ಕೂತ್ರೆ ಹೇಗಿರುತ್ತೆ ಅಂತ ನಿನಗೂ ಗೊತ್ತಾಗ್ಲಿ" ಎಂದು ಕ್ಯಾಮೆರಾ ಕಿತ್ತುಕೊಂಡಳು. ಕೂತೆ. ಕೈ ಎಲ್ಲಿಡಬೇಕೋ ತಿಳಿಯಲಿಲ್ಲ, ಕತ್ತು ಸೆಟೆದುಕೊಂಡಿತು. ಇಷ್ಟು ವರ್ಷ ಸಾವಿರಾರು ಜನರಿಗೆ ಈ ಶಿಕ್ಷೆ ಕೊಟ್ಟೆನಲ್ಲ ಎನಿಸಿ ನಗು ಉಕ್ಕಿತು. ಆಗಲೇ ಅವಳು ಒತ್ತಿದಳು. ತಾನು ತೆಗೆದದ್ದನ್ನು ನೋಡಿ ಅವಳೂ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕ್ಯಾಮೆರಾ ವಾಪಸು ಕೊಟ್ಟು ಹುಟ್ಟು ಹಾಕಲು ಕೂತಾಗ ನಾನು ತೆಗೆದೆ. ಒಂದೇ ಒಂದು.

ಅಲ್ಲಿಂದ ಅದೇ ನನ್ನ ಪದ್ಧತಿಯಾಯಿತು. ಎದುರಿಗಿರುವವರು ಮೊದಲು ನನ್ನನ್ನು ತೆಗೆಯಬೇಕು, ಆಮೇಲೆ ನಾನು ಅವರನ್ನು. ವೆಲ್ಡಿಂಗ್‌ನವನು ನನ್ನ ತಲೆ ಕತ್ತರಿಸಿಬಿಟ್ಟ, ಆಸ್ಪತ್ರೆಯ ನರ್ಸ್ ಬರೀ ಮೊಣಕೈ ತೆಗೆದಳು. ಒಮ್ಮೆ ನನ್ನನ್ನು ಕೂರಿಸಿ ಕಾಡಿಸಿದ ಮೇಲೆ ಅವರಿಗೆ ಸಂಕೋಚ ಉಳಿಯುತ್ತಿರಲಿಲ್ಲ. ಚಿತ್ರದಲ್ಲಿ ಮುಂಗೋಪಿ ಮುಂಗೋಪಿಯಾಗಿಯೇ ಬಂದ, ಪುಕ್ಕಲ ಪುಕ್ಕಲನಾಗಿಯೇ ಬಂದ.

ನಿನ್ನೆ ದೋಣಿಯವಳು ಮಗಳ ಜೊತೆ ಬಂದಿದ್ದಳು. ತನ್ನ ಚಿತ್ರದ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತಳು. "ಅಮ್ಮ ಬೈಯೋಕೆ ಮುಂಚೆ ಹೀಗೇ ನೋಡೋದು" ಎಂದಳು ಮಗಳು. ಸುತ್ತಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಸಂತೋಷ ತಡೆಯಲಾಗದೆ ಅತ್ತುಬಿಟ್ಟೆ ಕಣ್ರೀ. ಮುಂದಿನ ವರ್ಷದ ಗೋಡೆಯೂ ನನ್ನದೇ ಎಂದು ಗ್ಯಾಲರಿಯಾಕೆ ಅಲ್ಲೇ ಹೇಳಿದಳು. ಆದ್ದರಿಂದ ಸ್ಟೂಲಿಗೆ ಬೇರೆ ಯಾರನ್ನಾದರೂ ನೋಡಿಕೊಳ್ಳಿ. ನಿಮ್ಮ ಮೇಲೆ ಈಗ ಸಿಟ್ಟಿಲ್ಲ. ಪ್ರದರ್ಶನ ತಿಂಗಳ ಕೊನೆಯವರೆಗೂ ಇರುತ್ತದೆ, ಬನ್ನಿ.

ಇತಿ,
ಇನ್ನೂ ನಿಮ್ಮ ಹೆಂಡತಿಯೇ ಆಗಿರುವ
ನಾನು

ತಾ.ಕ.: ಪ್ರದರ್ಶನದ ಪುಸ್ತಕಕ್ಕೆ ನನ್ನದೊಂದು ಫೋಟೋ ಕೇಳಿದರು. ಯೋಚಿಸಿದರೆ, ಇಷ್ಟು ವರ್ಷದಲ್ಲಿ ನೀವು ನನ್ನದು ಒಂದೂ ತೆಗೆದಿಲ್ಲ. ಇದ್ದದ್ದು ನಾನೇ ಟೈಮರ್ ಹಾಕಿ ತೆಗೆದುಕೊಂಡ ಪಾಸ್‌ಪೋರ್ಟ್ ಫೋಟೋ ಒಂದೇ. ಅದನ್ನು ಕೊಡಲಿಲ್ಲ, ದೋಣಿಯವಳು ತೆಗೆದದ್ದನ್ನು ಕೊಟ್ಟೆ. ಆ ಪುಸ್ತಕದ ಒಂದು ಪ್ರತಿ ಇದರ ಜೊತೆಗಿದೆ. ನನ್ನ ಫೋಟೋ ಇರುವ ಪುಟ ತಿರುಗಿಸುವ ಮುಂಚೆ ಸ್ವಲ್ಪ ಹೊತ್ತು ನೋಡಿ. ಇಪ್ಪತ್ತೆರಡು ವರ್ಷ ನಿಮ್ಮ ಮನೆಯಲ್ಲಿದ್ದವಳು ಇವಳೇ.