ಕೋಲಿನ ಮುಂದಿನ ತುದಿ

ವೋರ್ಕುಮ್,
ಫೆಬ್ರವರಿ ೩, ೧೯೧೨

ನನ್ನ ಪ್ರೀತಿಯ ಅಮ್ಮ,

ಹಾರ್ಲಿಂಗನ್‌ನಲ್ಲಿ ನೀನು ಕೆಲಸಕ್ಕಿರುವ ಮನೆಗೆ ಈ ಕಾಗದ ಮುಟ್ಟುವಷ್ಟರಲ್ಲಿ ನಾಳೆಯ ಪಂದ್ಯ ಮುಗಿದಿರುತ್ತದೆ. ನೀನು ತಡೆಯಲಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಒಂದೇ ಕೋಲಿನ ಎರಡು ತುದಿ ಹಿಡಿದ ಜೋಡಿಗಳ ಸ್ಕೇಟಿಂಗ್ ಓಟದಲ್ಲಿ ನಾನು ಮುಂದೆ, ತಮ್ಮ ಚೆರ್ಕ್ ಹಿಂದೆ. ಹೆಪ್ಪುಗಟ್ಟಿದ ನಮ್ಮ ಕಾಲುವೆಯ ಮೇಲೆ ಇದುವರೆಗೆ ಯಾವ ಹೆಂಗಸೂ ಕೋಲಿನ ಮುಂದಿನ ತುದಿ ಹಿಡಿದು ಪಂದ್ಯಕ್ಕಿಳಿದಿಲ್ಲ. ಗಂಡಸು ಗಾಳಿ ಸೀಳುತ್ತಾ ಮಂಜುಗಡ್ಡೆ ನೋಡಬೇಕು, ಹೆಂಗಸು ಹಿಂದಿನ ತುದಿ ಹಿಡಿದು ಅವನ ಬೆನ್ನು ನೋಡಬೇಕು! ಹೆಂಗಸರ ಸಂಘದ ಕರಪತ್ರಗಳು ಮತದ ಹಕ್ಕು ಕೇಳುತ್ತವೆ. ನಾನು ಎದುರಿನ ದಾರಿ ಕಾಣುವ ಹಕ್ಕನ್ನೂ ಕೇಳುತ್ತೇನೆ.

ಹೆಸರು ಬರೆಸಲು ಹೋದಾಗ ಬೇಕರಿಯ ಹಿಲ್ಕೆ ಮಾಮ, "ಏನೇ ವಿಟ್ಸ್ಕೆ, ತಮ್ಮಂಗೆ ಲಂಗ ಹೊಲಿಸಿದ್ದೀಯೇನೇ?" ಎಂದರು. ಎಲ್ಲರೂ ನಕ್ಕರು. "ಹೊಲಿಸ್ತೀನಿ ಮಾಮ, ನಿಮ್ಮ ಅಳತೇನೂ ಕೊಟ್ಬಿಡಿ" ಎಂದೆ. ನಗು ನಿಂತಿತು. ಹೆಸರು ಬರೆದುಕೊಂಡರು.

ಆದರೆ ಅಮ್ಮ, ನನಗೆ ಭಯ. ನಿನ್ನೆಯಿಂದ ಬೆಚ್ಚನೆಯ ಗಾಳಿ ಬೀಸುತ್ತಿದೆ. ಮಂಜುಗಡ್ಡೆಯ ಸದ್ದು ಕೇಳಿಯೇ ಅಪ್ಪ ಅದರ ಬಲ ಹೇಳುತ್ತಿದ್ದನಲ್ಲ? ಸೇತುವೆಯ ಕೆಳಗೆ ಅದು ಸದ್ದೇ ಮಾಡುತ್ತಿಲ್ಲ, ಅಲ್ಲಿ ಬಲವಿಲ್ಲ. ಅದೇ ಸೇತುವೆ. ಅಪ್ಪ ಮುಳುಗಿದ ದಿನ ಕೋಲು ಹಿಡಿದು ಅವನ ಹಿಂದೆ ನೀನಿದ್ದೆಯಲ್ಲ, ಅಲ್ಲಿ. ನಾನು ಬಿದ್ದರೆ ಚೆರ್ಕ್ ಕೂಡ ನನ್ನ ಜೊತೆ ಜಾರಿಬರುತ್ತಾನೆ. ಇದನ್ನು ಯಾವ ಕರಪತ್ರವೂ ನನಗೆ ಹೇಳಿರಲಿಲ್ಲ.

ಅವನಿಗೆ ಮಾತ್ರ ಹೆದರಿಕೆಯೇ ಇಲ್ಲ. ಅಟ್ಟದಿಂದ ಅಪ್ಪನ ಕೋಲನ್ನೇ ಇಳಿಸಿದ. ಆ ದಿನದಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ಮುಂದಿನ ತುದಿಯ ತೊಗಲಿನ ಪಟ್ಟಿಯನ್ನು ನನ್ನ ಮಣಿಕಟ್ಟಿಗೆ ಬಿಗಿದು, "ನೀನು ಮುಳುಗಿದ್ರೆ ಹಾವುಮೀನು ಎಳೆದಂಗೆ ಎಳ್ಕೊಂಡ್ಬಿಡ್ತೀನಿ ಕಣಕ್ಕ" ಎಂದ.

ಅವನು ಬಿಗಿಯುವ ಮೊದಲೇ ನಾನು ಆ ಪಟ್ಟಿಯನ್ನು ನೋಡಿದ್ದೆ. "ಕೋಲು ಅವಳ ಕೈಲೇ ಇತ್ತು, ಗಟ್ಟಿಯಾಗಿ ಎಳೆದಿದ್ದರೆ ಗಂಡ ಉಳೀತಿದ್ದ" ಎಂದು ಊರು ನಿನ್ನನ್ನು ಆಡಿಕೊಂಡಿತು. ನೀನೂ ಅದನ್ನೇ ನಂಬಿ ಊರು ಬಿಟ್ಟೆ. ಅಮ್ಮ, ಪಟ್ಟಿ ಹರಿದಿಲ್ಲ. ಬಕಲು ಮುರಿದಿಲ್ಲ. ಬಿಚ್ಚಿದೆ. ಬಕಲನ್ನು ನೀರು ಬಿಚ್ಚುವುದಿಲ್ಲ, ಕಟ್ಟಿಕೊಂಡವನ ಬೆರಳು ಬಿಚ್ಚುತ್ತದೆ. ನೀನು ಎಳೆಯುತ್ತಲೇ ಇದ್ದೆ, ಮಂಜುಗಡ್ಡೆಯ ಅಂಚಿಗೆ ಜಾರುತ್ತಲೂ ಇದ್ದೆ. ಅದನ್ನು ಅಪ್ಪ ನೋಡಿದ.

ಮನೆಗೆ ಬಾ. ನಾಳೆ ನಾನು ಗೆದ್ದರೂ ಬಾ, ಸೋತರೂ ಬಾ.

ಹೆದರಿದರೂ ಮುಂದೆಯೇ ನಿಲ್ಲುವ
ನಿನ್ನ ಮಗಳು
ವಿಟ್ಸ್ಕೆ

ತಾ.ಕ.: ಚೆರ್ಕ್ ಕೇಳಿದರೆ ಅವನು ಬಿಗಿದ ಬಕಲು ಭದ್ರವಾಗಿತ್ತು ಎಂದೇ ಹೇಳು. ಕೈಗವಸು ಹಾಕಿಕೊಂಡೇ, ಕಣ್ಣು ಮುಚ್ಚಿ, ಎಡಗೈಯಿಂದ ಅದನ್ನು ಬಿಚ್ಚುವುದನ್ನು ಕಲಿತಿದ್ದೇನೆ.